ಪರ್ಲ್ ಇಟ್ಟ ಮೊಟ್ಟೆಗಳು

ಆ ವರ್ಷ ಗಂಡಿನ ಮುಖವನ್ನೇ ನೋಡದ ಪರ್ಲ್ ಮೊಟ್ಟೆ ಇಟ್ಟಿತ್ತು.

ಶಾಲೆಯ ಬಸ್ಸು ಓಡಿಸುವ ಲೋರ್ನಾ ಪ್ರೂಯಿಟ್, ಬೆಳಗಿನ ಪಾಳಿಗೆ ಹೊರಡುವ ಮುಂಚೆ ಹಾವುಗಳ ನೀರು ಬದಲಿಸೋಣವೆಂದು ಹಿಂದಿನ ಕೋಣೆಗೆ ಬಂದವಳು, ಹಾವುಗಳನ್ನಿಡುವ ಕಪಾಟಿನಲ್ಲಿ ಪರ್ಲ್‌ನ ಡ್ರಾಯರ್ ಎಳೆದು ಹಾಗೇ ನಿಂತುಬಿಟ್ಟಳು. ಹೆಬ್ಬಾವು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ತಲೆಯಿಟ್ಟು ಅವಳನ್ನೇ ನೋಡುತ್ತಿತ್ತು. ಸುರುಳಿಯ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು.

"ಏನೇ ಇದು ನಿನ್ನ ಅವತಾರ?" ಎಂದಳು ಲೋರ್ನಾ.

ಜೊತೆಯಿಲ್ಲದ ಹೆಣ್ಣು ಹಾವೂ ಒಮ್ಮೊಮ್ಮೆ ಮೊಟ್ಟೆ ಇಡುವುದುಂಟು. ಆದರೆ ಅವು ಬರಡು ಮೊಟ್ಟೆ. ಮೇಣದ ಉಂಡೆಯ ಹಾಗೆ ಹಳದಿಯಾಗಿ, ಸಣ್ಣಗೆ ಇರುತ್ತವೆ, ಎತ್ತಿ ಕಸಕ್ಕೆ ಹಾಕಿದರಾಯಿತು. ಲೋರ್ನಾ ಹಾವಿನ ಸುರುಳಿಯನ್ನು ಮೆಲ್ಲಗೆ ಬಿಡಿಸಿದಳು. ಪರ್ಲ್ ಬುಸ್ ಎಂದಿತು, ಕಚ್ಚಲಿಲ್ಲ. ಒಂದಕ್ಕೊಂದು ಅಂಟಿಕೊಂಡು ಐದು ಮೊಟ್ಟೆಗಳಿದ್ದವು. ಬೆಳ್ಳಗೆ, ದುಂಡಗೆ, ಮೈ ತುಂಬಿಕೊಂಡಿದ್ದವು. ಬ್ಯಾಟರಿ ಹಚ್ಚಿ ಒಂದರ ಹಿಂದೆ ಹಿಡಿದಳು. ಒಳಗೆ ಕೆಂಪು ನರಗಳು ಎಳೆ ಎಳೆಯಾಗಿ ಹರಡಿದ್ದವು. ಜೀವ ಇತ್ತು.

ಇನ್ನೊಬ್ಬರಾಗಿದ್ದರೆ ಕುಣಿದಾಡುತ್ತಿದ್ದರು. ಲೋರ್ನಾ ಮಾತ್ರ ಬ್ಯಾಟರಿ ಆರಿಸಿ ನೆಲದ ಮೇಲೆ ಕುಕ್ಕರಿಸಿದಳು. ಆ ಕೆಂಪು ನರಗಳ ಅರ್ಥವೇನೆಂದು ಅವಳಿಗೆ ಕೂಡಲೇ ಹೊಳೆದಿತ್ತು. ವೆಂಡೆಲ್ ಟ್ಯಾಕೆಟ್ ಮೋಸಗಾರನಲ್ಲದೆ ಇರಬಹುದು ಎಂದು ಅರ್ಥ. ಅವನನ್ನು ಮೋಸಗಾರ ಎಂದು ಊರೆಲ್ಲ ಸಾರಿದವಳು ತಾನೇ ಎಂದೂ ಅರ್ಥ.

ನಡೆದದ್ದು ಹೀಗೆ. ಪರ್ಲ್ ಸಾಮಾನ್ಯದ ಹಾವಲ್ಲ. ಭಯವಾದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ ಸಣ್ಣ ಜಾತಿಯ ಹೆಬ್ಬಾವು ಅದು; ಓಕ್ಲಹೋಮಾದಲ್ಲಿ ಹಾವು ಸಾಕುವವರ ಮನೆಯಲ್ಲೆಲ್ಲ ಇದೇ ಜಾತಿ. ಆದರೆ ಪರ್ಲ್‌ನ ಕಂದು ಮೈಯ ಮೇಲೆ ಅಲ್ಲಲ್ಲಿ ಹಾಲು ಚೆಲ್ಲಿದ ಹಾಗೆ ಬಿಳುಪಿತ್ತು. ಈ ಬಿಳುಪು ಮರಿಗೆ ಬರಬೇಕಾದರೆ ತಾಯಿಯ ಕಡೆಯಿಂದಲೂ ಬರಬೇಕು, ತಂದೆಯ ಕಡೆಯಿಂದಲೂ ಬರಬೇಕು. ಕೆಲವು ಗಂಡುಗಳು ನೋಡಲು ಬರೀ ಕಂದು. ರಕ್ತದಲ್ಲಿ ಬಿಳುಪನ್ನು ಬಚ್ಚಿಟ್ಟುಕೊಂಡಿರುತ್ತವೆ. ಅದನ್ನು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಪೊರೆಯ ಚೂರು ಕಳಿಸಿ ಪರೀಕ್ಷೆ ಮಾಡಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ಸಾಕಿದವನು "ಇದರಲ್ಲಿ ಬಿಳುಪಿದೆ" ಎಂದರೆ ಇದೆ. ಅವನ ಮಾತಿನ ಮೇಲೆ ನಂಬಿಕೆ ಹೋಯಿತೋ, ಅವನ ಮನೆಯ ಅಷ್ಟೂ ಹಾವುಗಳು ಬರೀ ಕಂದು ಹಾವುಗಳಾಗಿಬಿಡುತ್ತವೆ.

ವೆಂಡೆಲ್ ಮಾತಿಗೆ ಆ ಜಿಲ್ಲೆಯಲ್ಲಿ ಎರಡು ಮಾತಿರಲಿಲ್ಲ. ಎಣ್ಣೆ ಬಾವಿಗಳಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತನಾದ ಮುದುಕ. ಹೆಂಡತಿ ಸತ್ತ ಮೇಲೆ ಅವನಿಗೆ ಉಳಿದದ್ದು ಗ್ಯಾರೇಜಿನ ಹಾವುಗಳು ಮತ್ತು ಅಗ್ನಿಶಾಮಕ ಠಾಣೆಯ ಹಿಂದಿನ ಸಭಾಂಗಣದಲ್ಲಿ ಸೇರುವ ಹಾವು ಸಾಕುವವರ ಸಂಘ. ಹೊಸದಾಗಿ ಸೇರಿದವರಿಗೆ ಹಾವು ಹಿಡಿಯಲು, ಇಲಿ ತಿನ್ನಿಸಲು, ಮೊಟ್ಟೆ ಕದಲದಂತೆ ಎತ್ತಿ ಕಾವುಪೆಟ್ಟಿಗೆಗೆ ಇಡಲು ಕಲಿಸುವವನು ಅವನೇ. ಲೋರ್ನಾಗೂ ಅವನೇ ಕಲಿಸಿದ್ದ. ಪರ್ಲ್‌ಗೆ ಜೊತೆ ಬೇಕೆಂದಾಗ ಡೀಕನ್ ಎಂಬ ಕಂದು ಗಂಡನ್ನು ಅವಳಿಗೆ ಕೊಟ್ಟು, "ನೋಡೋಕೆ ಪೆದ್ದನ ಥರ ಇದ್ದಾನೆ, ಒಳಗೆ ಬಿಳುಪಿದೆ. ಪರ್ಲ್ ಜೊತೆ ಬಿಟ್ರೆ ಅರ್ಧಕ್ಕರ್ಧ ಮರಿ ಬಿಳೀದೇ ಬರುತ್ತೆ ನೋಡು" ಎಂದಿದ್ದ.

ಹೋದ ವರ್ಷ ಪರ್ಲ್ ಮೊಟ್ಟೆ ಇಟ್ಟಾಗ ಲೋರ್ನಾಳ ಕಾಲು ನೆಲದ ಮೇಲಿರಲಿಲ್ಲ. ಬಸ್ ಡಿಪೋದಲ್ಲಿ ಹೇಳಿದಳು, ಚರ್ಚಿನಲ್ಲಿ ಹೇಳಿದಳು, ಬಿಳಿ ಮರಿ ಬೇಕೆಂದವರಿಗೆಲ್ಲ ಮಾತು ಕೊಟ್ಟಳು. ಆಗಸ್ಟಿನಲ್ಲಿ ಮೊಟ್ಟೆಗಳು ಸೀಳಿ ಒಂದೊಂದೇ ಮೂತಿ ಹೊರಬಂತು. ಕಂದು. ಮತ್ತೊಂದು ಕಂದು. ಕೊನೆಯದೂ ಕಂದು. ಮಾತು ಕೊಟ್ಟವರ ಮುಂದೆ ಮುಖ ತೋರಿಸುವುದು ಹೇಗೆ? ಅವಮಾನವಾದಾಗ ಮನುಷ್ಯ ಮೊದಲು ಹುಡುಕುವುದು ಅದನ್ನು ಹೇರಲು ಇನ್ನೊಬ್ಬರ ಬೆನ್ನನ್ನು. ಲೋರ್ನಾಗೆ ವೆಂಡೆಲ್‌ನ ಬೆನ್ನು ಹತ್ತಿರದಲ್ಲೇ ಸಿಕ್ಕಿತು.

ಸೆಪ್ಟೆಂಬರಿನ ಸಭೆಯಲ್ಲಿ ಎಲ್ಲರೂ ತಟ್ಟೆಗೆ ಬಡಿಸಿಕೊಂಡು ಕೂತಿದ್ದಾಗ ಅವಳು ಎದ್ದು ನಿಂತಳು. ಡೀಕನ್ ಇದ್ದ ಪೆಟ್ಟಿಗೆಯನ್ನು ವೆಂಡೆಲ್‌ನ ತಟ್ಟೆಯ ಪಕ್ಕ ಕುಕ್ಕಿ, ಕಂದು ಮರಿಗಳನ್ನು ಮೇಜಿನ ಮೇಲೆ ಬಿಟ್ಟಳು.

"ತಗೊಳ್ಳಿ ನಿಮ್ಮ ರಾಜಕುಮಾರನ್ನ. ಏಳಕ್ಕೆ ಏಳೂ ಕಂದು. ಬಿಳುಪಿದೆ ಅಂತ ನನ್ನ ಕಿವಿಗೆ ಹೂವಿಟ್ರಲ್ಲ ವೆಂಡೆಲ್, ಇನ್ನೆಷ್ಟು ಜನಕ್ಕೆ ಇಟ್ಟಿದ್ದೀರಿ?"

ಡ್ವೇನ್ ಎಂಬ ಬಾಯಿಬಡುಕ, "ಅಲ್ಲಾ, ನಾನೂ ಒಂದು ತಗೊಂಡಿದ್ದೀನಲ್ಲಪ್ಪ ಇವನ ಹತ್ರ!" ಎಂದು ಕೂಗಿದ.

ವೆಂಡೆಲ್ ಬಾಯಲ್ಲಿದ್ದ ಜೋಳದ ರೊಟ್ಟಿಯನ್ನು ನಿಧಾನವಾಗಿ ನುಂಗಿದ. ಮೇಜಿನ ಮೇಲಿದ್ದ ಮರಿಗಳಲ್ಲಿ ಒಂದನ್ನು ಎತ್ತಿ, ಕತ್ತಿನ ಕೆಳಗೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

"ಲೋರ್ನಾ, ಪರ್ಲ್ ಹತ್ರ ಇದಕ್ಕೂ ಮುಂಚೆ ಬೇರೆ ಗಂಡು ಬಿಟ್ಟಿದ್ಯಾ?"

"ಇಲ್ಲ" ಎಂದಳು ಲೋರ್ನಾ.

ಬಿಟ್ಟಿದ್ದಳು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ, ಅಂಗಡಿಯಿಂದ ತಂದ ಬಿಸ್ಕೆಟ್ ಎಂಬ ತನ್ನ ಸಾದಾ ಗಂಡನ್ನು, ನೋಡೋಣ ಏನಾಗುತ್ತದೋ ಎಂದು, ಪರ್ಲ್‌ನ ಡ್ರಾಯರಿಗೆ ಒಂದು ವಾರಾಂತ್ಯ ಬಿಟ್ಟಿದ್ದಳು. ಎರಡೂ ಕೂಡಿದ್ದನ್ನು ಅವಳು ಕಂಡಿರಲಿಲ್ಲ. ಆ ವರ್ಷ ಪರ್ಲ್ ಮೊಟ್ಟೆಯನ್ನೂ ಇಟ್ಟಿರಲಿಲ್ಲ. ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದುಕೊಂಡಿದ್ದಳು. ಆದರೆ ವೆಂಡೆಲ್ ಕೇಳಿದಾಗ ಬಿಸ್ಕೆಟ್ ನೆನಪಾಗಲಿಲ್ಲವೇ? ಆಯಿತು. ಚೆನ್ನಾಗಿಯೇ ಆಯಿತು. ಅಷ್ಟು ಜನರೆದುರು ಎದ್ದು ನಿಂತವಳಿಗೆ "ಹೌದು, ಒಂದು ಸಲ" ಎಂದು ಹೇಳಿ ಅರ್ಧ ಕೂತುಕೊಳ್ಳುವುದು ಆಗಲಿಲ್ಲ, ಅಷ್ಟೆ.

ಹೆಣ್ಣು ಹೆಬ್ಬಾವು ಗಂಡಿನ ಬೀಜವನ್ನು ಒಳಗೇ ಕಾಪಿಟ್ಟುಕೊಂಡು, ವರ್ಷವೋ ಎರಡು ವರ್ಷವೋ ಬಿಟ್ಟು ಅದರಿಂದ ಬಸುರಾಗಬಲ್ಲದು. ಇದನ್ನು ಕಲಿಸಿದವನೂ ವೆಂಡೆಲ್ಲೇ.

ವೆಂಡೆಲ್ ಮತ್ತೇನೂ ಹೇಳಲಿಲ್ಲ. ಡೀಕನ್‌ನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಅವನ ಮೌನವನ್ನು ಜನ ಒಪ್ಪಿಗೆ ಎಂದುಕೊಂಡರು. ಮುಂದಿನ ತಿಂಗಳ ಹಾವಿನ ಸಂತೆಯಲ್ಲಿ ಅವನ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ. ಸಂಘದವರೆಲ್ಲ ಸೇರಿ ಹೆಪ್ಪುಗಟ್ಟಿಸಿದ ಇಲಿಗಳನ್ನು ಒಟ್ಟಿಗೆ ತರಿಸಿ ಹಂಚಿಕೊಳ್ಳುವ ರೂಢಿಯಿತ್ತು. ಅದರಿಂದಲೂ ಅವನನ್ನು ಬಿಟ್ಟರು. ಯಾರೂ ಅವನಿಗೆ ಬರಬೇಡ ಎನ್ನಲಿಲ್ಲ. ಇಲಿಯ ಪಾಲು ಎತ್ತಿಡಲಿಲ್ಲ, ಅಷ್ಟೆ. ಮುದುಕ ಹಾವುಗಳ ಊಟಕ್ಕಾಗಿ ತನ್ನ ಹಳೇ ಟ್ರಕ್ಕಿನಲ್ಲಿ ದೂರದ ಟಲ್ಸಾ ನಗರದವರೆಗೆ ಹೋಗಿಬರುವುದನ್ನು ಲೋರ್ನಾ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು. ಮಾಡಿದ್ದುಣ್ಣಲಿ ಎಂದುಕೊಂಡಿದ್ದಳು.

ಈಗ ಆ ಐದು ಮೊಟ್ಟೆ. ಈ ವಸಂತದಲ್ಲಿ ಪರ್ಲ್ ಇಲಿ ಮುಟ್ಟದೆ ಮುಖ ತಿರುಗಿಸಿತ್ತು, ಹೊಟ್ಟೆ ಮೇಲೆ ಮಾಡಿ ಮಲಗುತ್ತಿತ್ತು, ಪೊರೆ ಬಿಟ್ಟಿತ್ತು. ಬಸುರಿ ಹಾವು ಮಾಡುವುದನ್ನೆಲ್ಲ ಸಾಂಗವಾಗಿ ಮಾಡಿತ್ತು. ಈ ಸಲ ಗಂಡು ಬಿಟ್ಟಿಲ್ಲವಲ್ಲ ಎಂದು ಲೋರ್ನಾ ಅದಕ್ಕೆ ಅಜೀರ್ಣ ಎಂದು ತೀರ್ಮಾನಿಸಿ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿದ್ದಳು.

ಮೊಟ್ಟೆಗಳನ್ನು ಫ್ರೀಜರಿಗೆ ಹಾಕಿಬಿಟ್ಟರೆ ಮುಗಿಯಿತು. ಬೇಡದ ಮೊಟ್ಟೆಗಳನ್ನು ಸಾಕುವವರು ಮಾಡುವುದೇ ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ. ಲೋರ್ನಾ ಫ್ರೀಜರಿನ ಬಾಗಿಲು ತೆರೆದಳು ಕೂಡ. ಇಲಿಯ ಪೊಟ್ಟಣಗಳನ್ನು ಸರಿಸಿ ಜಾಗ ಮಾಡಿದಳು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಬಾಗಿಲು ಮುಚ್ಚಿದಳು. ಮೊಟ್ಟೆಗಳ ನೆತ್ತಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಮಗುಚದಂತೆ ಎತ್ತಿ ಕಾವುಪೆಟ್ಟಿಗೆಯಲ್ಲಿಟ್ಟಳು. ಆವತ್ತು ಬಸ್ಸು ತಡವಾಯಿತು. ಮಕ್ಕಳು ಕೂಗಾಡಿದರು.

ಎಲ್ಲ ಕಂದು ಬಂದರೆ? ಆಗ ತಂದೆ ಬಿಸ್ಕೆಟ್ಟೋ ಡೀಕನ್ನೋ ಎನ್ನಲಾಗದು, ವೆಂಡೆಲ್ ತಪ್ಪಿತಸ್ಥನೋ ಅಲ್ಲವೋ ಎಂಬುದು ಗೊತ್ತಾಗದೆ ಉಳಿಯುತ್ತದೆ. ನಾಚಿಕೆಗೇಡಿನ ವಿಷಯವೆಂದರೆ, ಲೋರ್ನಾ ಬೇಸಿಗೆಯಿಡೀ ಬೇಡಿಕೊಂಡದ್ದು ಅದನ್ನೇ. ದೇವರೇ, ಕಂದು ಬರಲಿ. ಹಾವು ಸಾಕುವವರಲ್ಲಿ ಹಾಗೆ ಬೇಡಿಕೊಂಡವಳು ಬಹುಶಃ ಅವಳೊಬ್ಬಳೇ.

ಜುಲೈಯಲ್ಲಿ ಮೊದಲ ಮೊಟ್ಟೆ ಸೀಳಿತು. ಮೂತಿ ಕಂದು. ಮರಿ ಹಾಗೇ ಒಂದು ದಿನ ಮೂತಿಯನ್ನಷ್ಟೇ ಹೊರಗಿಟ್ಟುಕೊಂಡು ಕೂತಿತು. ಅವು ಮಾಡುವುದೇ ಹಾಗೆ, ಲೋಕಕ್ಕೆ ಬರಲು ಅವಸರವಿಲ್ಲ. ಮಾರನೆಯ ದಿನ ಮೈಯೆಲ್ಲ ಹೊರಬಂತು. ಕುತ್ತಿಗೆಯಿಂದ ಬಾಲದವರೆಗೆ ಅಪ್ಪಟ ಬಿಳುಪು. ಇನ್ನೊಂದರಲ್ಲೂ ಬಿಳುಪು. ಉಳಿದ ಮೂರು ಕಂದು. ಡೀಕನ್ ಬಿಟ್ಟುಹೋದ ಬೀಜ ಪರ್ಲ್‌ನ ಹೊಟ್ಟೆಯಲ್ಲಿ ಚಳಿಗಾಲ ಕಳೆದು ಹೊರಬಂದಿತ್ತು. ವೆಂಡೆಲ್ ಹೇಳಿದಂತೆಯೇ, ಹೆಚ್ಚುಕಡಿಮೆ ಅರ್ಧಕ್ಕರ್ಧ.

ಮರಿಗಳು ಮೊದಲ ಪೊರೆ ಬಿಡುವವರೆಗೂ ಲೋರ್ನಾ ನೆಪ ಹುಡುಕಿದಳು. ಇವತ್ತು ಬಿಸಿಲು, ಇವತ್ತು ಬಟ್ಟೆ ಒಗೆಯಬೇಕು. ಕೊನೆಗೊಂದು ಮಧ್ಯಾಹ್ನ ಎರಡು ಬಿಳಿ ಮರಿಗಳನ್ನು ಡಬ್ಬಿಯಲ್ಲಿಟ್ಟುಕೊಂಡು ವೆಂಡೆಲ್‌ನ ಗ್ಯಾರೇಜಿನ ಮುಂದೆ ನಿಂತಳು.

ವೆಂಡೆಲ್ ಸ್ಟೂಲಿನ ಮೇಲೆ ಕೂತು ಡ್ರಾಯರೊಂದರ ಚಕ್ರ ರಿಪೇರಿ ಮಾಡುತ್ತಿದ್ದ. ತಲೆಯೆತ್ತಿ ನೋಡಿ, "ಓಹೋ" ಎಂದ. ಅಷ್ಟೇ.

ಅವಳು ಡಬ್ಬಿ ತೆರೆದು ಮುಂದೆ ಹಿಡಿದಳು.

"ಈ ವರ್ಷ ಯಾರನ್ನ ಬಿಟ್ಟಿದ್ದೆ?"

"ಯಾರನ್ನೂ ಇಲ್ಲ ವೆಂಡೆಲ್. ದೇವ್ರಾಣೆ ಯಾರನ್ನೂ ಇಲ್ಲ."

ವೆಂಡೆಲ್ ಮರಿಯೊಂದನ್ನು ಬೆರಳಿಗೆ ಸುತ್ತಿಕೊಂಡ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಎದ್ದು ಮೂಲೆಯ ಡ್ರಾಯರ್ ಎಳೆದು ತೋರಿಸಿದ. ಒಳಗೆ ನಾಲ್ಕು ಬಿಳಿ ಮರಿಗಳಿದ್ದವು, ಅವಳವಕ್ಕಿಂತ ದೊಡ್ಡವು.

"ಡೀಕನ್‌ವು. ಮೇ ತಿಂಗಳಲ್ಲಿ ಬಂದ್ವು."

"ಮೇ ತಿಂಗಳಲ್ಲಾ? ಮತ್ತೆ ಸಂಘಕ್ಕೆ ತಂದು ತೋರಿಸಬಾರದಿತ್ತಾ? ನನ್ನ ಮುಖದ ಮೇಲೆ ಎಸೀಬಾರದಿತ್ತಾ?"

"ತಂದಿದ್ರೆ ಏನಂತಿದ್ರಿ? ಟಲ್ಸಾದಲ್ಲಿ ಕೊಂಡ್ಕೊಂಡು ಬಂದು ತನ್ನವು ಅಂತಾನೆ, ಕಳ್ಳ ಮುದುಕ ಅಂತಿದ್ರಿ. ಎಲ್ಲರಿಗಿಂತ ಮುಂಚೆ ನೀನೇ ಅಂತಿದ್ದೆ." ಅವನು ಡ್ರಾಯರ್ ಮುಚ್ಚಿದ. "ಹೋದ ವರ್ಷದ್ದು ಬಿಸ್ಕೆಟ್ ಮರಿಗಳು, ಅಲ್ವಾ?"

ಲೋರ್ನಾ ಬೆಚ್ಚಿಬಿದ್ದಳು. "ನಿಮಗೆ ಹೇಗೆ..."

"ಬಿಸ್ಕೆಟ್ ಮೈಗೆ ಉಣ್ಣಿ ಹತ್ತಿದಾಗ ಒಂದೊಂದೇ ಕಿತ್ತವನು ನಾನು ಮಾರಾಯ್ತಿ. ಅವನ ಕತ್ತಿನ ಕೆಳಗಿನ ಹಳದಿ ಪಟ್ಟೆ ನನಗೆ ಗೊತ್ತಿಲ್ವಾ? ಅವತ್ತು ಮರಿ ಎತ್ತಿದ ತಕ್ಷಣ ಕಂಡಿತು. ಅದಕ್ಕೇ ಕೇಳಿದ್ದು."

"ಕಂಡಿದ್ರೆ ಅಲ್ಲೇ ಯಾಕೆ ಹೇಳಲಿಲ್ಲ?"

"ಕೇಳಿದ್ನಲ್ಲ. ನೀನು ಇಲ್ಲ ಅಂದೆ. ಅದರ ಮೇಲೆ ನಾನು ಏನು ಹೇಳಬೇಕಾದ್ರೂ ಅಷ್ಟು ಜನರ ಮುಂದೆ ನಿನ್ನನ್ನ ಸುಳ್ಳಿ ಅನ್ನಬೇಕಿತ್ತು. ನಾನು ಕೈ ಹಿಡಿದು ಕಲಿಸಿದ ಹುಡುಗಿ ನೀನು. ಬಾಯಿ ಬರಲಿಲ್ಲ."

ಭೂಮಿ ಬಾಯಿಬಿಟ್ಟಿದ್ದರೆ ಲೋರ್ನಾ ಅಲ್ಲೇ ಇಳಿದುಹೋಗುತ್ತಿದ್ದಳು. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅವನಿಗೆ ಬಾಯಿಬಿಟ್ಟೇ ಹೇಳಿದಳು: "ನನಗೆ ನಾಚಿಕೆಯಾಗ್ತಿದೆ ವೆಂಡೆಲ್. ಅವತ್ತು ಬಿಸ್ಕೆಟ್ ನೆನಪಿತ್ತು. ನೆನಪಿದ್ದೂ ಇಲ್ಲ ಅಂದೆ."

"ಹೂಂ" ಎಂದ ವೆಂಡೆಲ್. ಬಿಳಿ ಮರಿಯನ್ನು ಡಬ್ಬಿಗೆ ಬಿಟ್ಟು, ಅವಳತ್ತ ನೋಡದೆ ಕೇಳಿದ, "ಇದನ್ನ ಅವರ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಈ ಶನಿವಾರವೇ. ನೀವೂ ಬನ್ನಿ."

"ನಾನು ಬರಲ್ಲ. ನೀನು ಹೇಳಿ ಬಾ. ಹಾವು ಹೋದರೆ ಹೋಗ್ಲಿ, ಮಾರಾಟ ಹೋದರೆ ಹೋಗ್ಲಿ. ಆ ಹಾಲ್‌ನೊಳಗೆ ಎಲ್ಲರ ಜೊತೆ ಕೂತು ಊಟ ಮಾಡೋಕೆ ಆಗಬೇಕು ನನಗೆ. ಅಷ್ಟು ಸಾಕು."

ಶನಿವಾರ ಲೋರ್ನಾ ಸಭಾಂಗಣಕ್ಕೆ ಹೋದಳು. ಊಟ ಬಡಿಸುವವರೆಗೂ ಕಾಯಲಿಲ್ಲ. ಸಂಘದ ಅಧ್ಯಕ್ಷೆ ಗ್ಲೆಂಡಾ ಹಾಬ್ಸ್ "ಎಲ್ಲರಿಗೂ ನಮಸ್ಕಾರ" ಎನ್ನುವಷ್ಟರಲ್ಲೇ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಬಿಸ್ಕೆಟ್, ಆ ವಾರಾಂತ್ಯ, ಗಂಡಿಲ್ಲದೆ ಬಂದ ಮೊಟ್ಟೆ, ಎರಡು ಬಿಳಿ ಮರಿ. "ವೆಂಡೆಲ್ ಮೋಸ ಮಾಡಲಿಲ್ಲ. ಅವರು ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ನಾನು ಗೊತ್ತಿದ್ದೂ ಸುಳ್ಳು ಹೇಳಿದೆ. ನಾನು ಸುಳ್ಳಿ. ಅವರು ಸತ್ಯವಂತರು" ಎಂದಳು. ಬೈಗುಳಕ್ಕೆ ಕಾಯುತ್ತ ನಿಂತಳು.

ಗ್ಲೆಂಡಾ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನೋಡನೋಡುತ್ತ ಸಭೆಗೆ ಸಭೆಯೇ ಎದ್ದು ನಿಂತಿತು.

"ಇಷ್ಟು ಧೈರ್ಯ ಯಾರಿಗಿದೆ ಹೇಳಿ! ಈ ಕಾಲದಲ್ಲಿ ತಪ್ಪು ಒಪ್ಪಿಕೊಳ್ಳೋರು ಎಲ್ಲಿದ್ದಾರೆ?" ಎಂದು ಗ್ಲೆಂಡಾ ಅವಳನ್ನು ತಬ್ಬಿಕೊಂಡಳು.

"ನಾನು ಧೈರ್ಯದ ಮಾತಾಡ್ತಿಲ್ಲ ಗ್ಲೆಂಡಾ. ವೆಂಡೆಲ್..."

"ಗೊತ್ತಾಯ್ತಮ್ಮ, ಗೊತ್ತಾಯ್ತು. ಮನಸ್ಸಿಗೆ ಹಚ್ಕೋಬೇಡ."

ಡ್ವೇನ್ ದೂರದಿಂದಲೇ ಕೂಗಿದ, "ಲೋರ್ನಾ, ಆ ಎರಡು ಬಿಳೀದು ಯಾರಿಗೂ ಕೊಡಬೇಡ, ನನಗೇ. ಕೊಂಡ್ಕೊಂಡ್ರೆ ಇನ್ಮೇಲೆ ನಿನ್ನ ಹತ್ರಾನೇ. ನೀನು ಇದ್ದದ್ದು ಇದ್ದ ಹಾಗೆ ಹೇಳೋಳು."

"ನೀನು ವೆಂಡೆಲ್ ಹತ್ರ ತಗೊಂಡ ಹಾವೂ ಸರಿಯಾದದ್ದೇ ಡ್ವೇನ್. ಹೋಗಿ ಅವರಿಗೆ ಅಷ್ಟು ಹೇಳಿ ಬಾ."

"ಅದನ್ನ ಆವಾಗಲೇ ಮಾರಿಬಿಟ್ನಲ್ಲ" ಎಂದು ಡ್ವೇನ್ ತಟ್ಟೆಗೆ ಅವರೆಕಾಳಿನ ಸಾರು ಸುರಿದುಕೊಂಡ. "ಆ ಮುದುಕನೂ ಅವತ್ತೇ ಬಾಯಿ ಬಿಡಬೇಕಿತ್ತಪ್ಪ. ಸುಮ್ನೆ ಎದ್ದು ಹೋದ್ರೆ ನಾವೇನು ಅಂದ್ಕೋಬೇಕು?"

ಊಟ ಶುರುವಾಯಿತು. ಗ್ಲೆಂಡಾ ಚಮಚದಿಂದ ಲೋಟ ಬಡಿದು, ಹೊಸಬರಿಗೆ ಕಲಿಸುವ ಜವಾಬ್ದಾರಿ ಒಂದು ವರ್ಷದಿಂದ ಖಾಲಿ ಬಿದ್ದಿದೆ, ಲೋರ್ನಾಳಂಥ ಪ್ರಾಮಾಣಿಕಳಿಗಿಂತ ಬೇರೆ ಯಾರು ಬೇಕು ಎಂದಳು. ಮತ್ತೆ ಚಪ್ಪಾಳೆ. ಬೇಡ, ಅದು ವೆಂಡೆಲ್‌ನ ಕೆಲಸ ಎಂದು ಲೋರ್ನಾ ಬೇಡಿಕೊಂಡಳು. ಅದನ್ನೂ ವಿನಯ ಎಂದೇ ತಿಳಿದರು. "ಅವನಿಗೂ ಒಂದಿನ ಬಾ ಅಂತ ಹೇಳು. ಯಾರು ಬೇಡ ಅಂದಿದ್ದಾರೆ?" ಎಂದಳು ಗ್ಲೆಂಡಾ, ಸಿಹಿ ಕುಂಬಳದ ಕಡುಬನ್ನು ಕತ್ತರಿಸುತ್ತ.

ಲೋರ್ನಾ ತಟ್ಟೆ ಮುಟ್ಟದೆ ಹೊರಬಿದ್ದಳು. ಜೀವಮಾನದಲ್ಲಿ ಅವಳಿಗೆ ಅಷ್ಟು ಜನ ಎದ್ದು ನಿಂತು ಮರ್ಯಾದೆ ಮಾಡಿದ್ದು ಅದೇ ಮೊದಲು. ಮೈಮೇಲೆ ಕೊಚ್ಚೆ ಬಿದ್ದಂತೆ ಅನಿಸುತ್ತಿತ್ತು.

ವೆಂಡೆಲ್ ಗ್ಯಾರೇಜಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದ. ಒಗೆದ ಅಂಗಿ ಹಾಕಿದ್ದ, ತಲೆ ಬಾಚಿದ್ದ. ಮುಂದಿದ್ದ ಬಕೆಟ್ಟಿನ ಬಿಸಿನೀರಿನಲ್ಲಿ ಹಾವುಗಳ ಊಟಕ್ಕೆ ಇಲಿಗಳು ಕರಗುತ್ತಿದ್ದವು.

"ಹೇಳಿದ್ಯಾ?"

"ಹೇಳ್ದೆ."

"ಎಲ್ಲಾ?"

"ಎಲ್ಲಾ ಹೇಳ್ದೆ ವೆಂಡೆಲ್. ಒಂದೂ ಬಿಡಲಿಲ್ಲ."

"ಏನಂದ್ರು?"

"ಚಪ್ಪಾಳೆ ಹೊಡೆದ್ರು."

ಮುದುಕನ ಮುಖ ಅರಳಿತು. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. "ಹೌದಾ! ಚಪ್ಪಾಳೇನಾ?"

"ಎದ್ದು ನಿಂತು."

"ಡ್ವೇನ್ ಕೂಡ?"

"ಅವನೂ."

"ನೋಡು ಮತ್ತೆ" ಎಂದ ವೆಂಡೆಲ್. ಅವನ ಕಣ್ಣು ಒದ್ದೆಯಾಗಿತ್ತು. ಅಂಗಿಯ ಮುಂಭಾಗವನ್ನು ಕೈಯಿಂದ ಸರಿಮಾಡಿಕೊಂಡ. "ಇನ್ನೂ ಊಟ ನಡೀತಿರಬೇಕಲ್ಲ? ಈಗ ಹೋದ್ರೆ ತಪ್ಪಾಗಲ್ವೇನೋ, ಅಲ್ವಾ?"

ಹೌದು ಹೋಗಿ ಎಂದರೆ ಮುಗಿಯುತ್ತಿತ್ತು. ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟರೂ ಆಗುತ್ತಿತ್ತು. ಅವನು ಒಳಗೆ ಕಾಲಿಟ್ಟಾಗ ಅವರೆಲ್ಲ ತಟ್ಟೆಯಿಂದ ತಲೆಯೆತ್ತಿ ನೋಡುವ ನೋಟ ಲೋರ್ನಾಳ ಕಣ್ಣಿಗೆ ಕಟ್ಟಿತು.

"ವೆಂಡೆಲ್" ಎಂದಳು, "ಚಪ್ಪಾಳೆ ಹೊಡೆದದ್ದು ನನಗೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಸ್ಟೂಲಿನ ಮೇಲೆ ಕೂತು, ಅಂಗಿಯ ತೋಳು ಮಡಚಿ, ನೀರಿನಲ್ಲಿದ್ದ ಇಲಿಗಳನ್ನು ಒಂದೊಂದಾಗಿ ಅಮುಕಿ ನೋಡತೊಡಗಿದ. ಅವಳಿಗೆ ಕೂತ್ಕೋ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.